ಅನುರಾಧಾ ಟೀಚರ್ ಆರಿಸಿದ ಬ್ಯಾಟರಿ

ಜೇವರ್ಗಿಯ ಬಸ್ ಸ್ಟ್ಯಾಂಡಿನ ಎದುರಿಗೆ ಜಗದೇವನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಮಧ್ಯಾಹ್ನದ ಊಟಕ್ಕೆ ಹೋಗಬೇಕೆಂದು ಅವನು ಷಟರನ್ನು ಅರ್ಧ ಎಳೆದಿದ್ದ. ಮನೆಯಲ್ಲಿ ಎಣ್ಣೆಗಾಯಿ ಮಾಡಿದ್ದಾರೆಂದು ಫೋನು ಬಂದು ಬಾಯಲ್ಲಿ ನೀರೂರುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಆ ಅರ್ಧ ಷಟರಿನ ಕೆಳಗೆ ಬಗ್ಗಿ ಒಳಗೆ ಬಂದವಳು ಅನುರಾಧಾ ಟೀಚರ್. ಊರಿನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಆಟ ಕಲಿಸುವವಳು. ಕೊರಳಲ್ಲಿ ಸೀಟಿ, ಕಾಲಲ್ಲಿ ಬೂಟು, ಮುಖದಲ್ಲಿ ಕೆಲಸ ಆಗದೆ ಹೋಗುವುದಿಲ್ಲ ಎಂಬ ಗಂಟು. ಆ ಗಂಟನ್ನು ಬಲ್ಲ ಜಗದೇವ ಎಣ್ಣೆಗಾಯಿಯ ಆಸೆಯನ್ನು ಅಲ್ಲಿಗೇ ಬಿಟ್ಟ.

“ಜಗದೇವಣ್ಣ, ನಿಮ್ಮ ಅಂಗಡ್ಯಾಗ ಕತ್ತಲಿ ಖೋಲಿ ಐತೇನ್ರಿ?”

“ಕತ್ತಲಿ ಖೋಲಿ ಯಾಕ್ರಿ ಟೀಚರ್?”

“ಬ್ಯಾಟರಿ ತಗೋಬೇಕಾಗ್ಯಾದ. ಹಗಲ ಬೆಳಕಿನಾಗ ಬ್ಯಾಟರಿ ಹಚ್ಚಿ ನೋಡಿದ್ರ ಏನ್ ತಿಳೀತದ?”

ಈ ಸೀಮೆಯಲ್ಲಿ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಒಳಗೆ ಹಾಕುವುದು ಸೆಲ್ಲು. ಜಗದೇವ ಹಿಂದಿನ ಗೋಡೌನಿನ ಬಾಗಿಲು ತೆಗೆದು, ಇದ್ದಬದ್ದ ಬ್ಯಾಟರಿಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ತುಂಬಿ ಅವಳ ಕೈಗೆ ಕೊಟ್ಟ. ಟೀಚರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಟಕ್ ಟಕ್ ಎಂದು ಗುಂಡಿ ಒತ್ತುವ ಸದ್ದು, ಆಮೇಲೆ ಧಪ್ಪೆಂದು ಏನೋ ಬಿದ್ದ ಸದ್ದು.

“ಟೀಚರ್, ಬಿತ್ತೇನ್ರಿ?” ಜಗದೇವನಿಗೆ ಗಾಬರಿ.

“ಬೀಳಲಿಲ್ಲ, ನಾನ ಕೆಡವೀನಿ. ಹುಡುಗ್ಯಾರ ಕೈಯಾಗಿಂದ ಬಿದ್ರ ಬಾಳ್ತದೋ ಇಲ್ಲೋ ನೋಡಬೇಕಲ್ರಿ.”

ಆಮೇಲೆ ಕುಡಿಯುವ ನೀರಿನ ಬಾಟಲಿಯನ್ನೂ ಒಂದರ ಮೇಲೆ ಸುರಿದಳು. ಅದು ಆರಿಹೋಯಿತು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದರ ಮೇಲೆ ಸುರಿದಳು. ಜಗದೇವ ಹೊರಗೆ ನಿಂತು ತನ್ನ ಸಾಮಾನಿನ ಗತಿಯನ್ನು ಕಿವಿಯಲ್ಲೇ ಕೇಳುತ್ತ ಮುಖ ಸಣ್ಣದು ಮಾಡಿಕೊಂಡ.

ಕೊನೆಗೆ ಅವಳು ಆರಿಸಿದ್ದು ತಲೆಗೆ ಕಟ್ಟುವ ಬ್ಯಾಟರಿ. ಅಗಲವಾದ ಲಾಡಿ, ಹಣೆಯ ಮೇಲೆ ಕೂರುವ ದೀಪ, ಮಳೆಗೆ ಕೆಡುವುದಿಲ್ಲ, ಎರಡೂ ಕೈ ಖಾಲಿ. ಅಂಥವು ಮೂರು ತರಹ ಇದ್ದವು. ಒಂದರ ಬೆಳಕು ಮಂದ, ಒಂದರದು ಮಧ್ಯಮ, ಮೂರನೆಯದು ಗೋಡೌನಿನ ಗೋಡೆಯ ಮೇಲಿನ ಹಲ್ಲಿಯ ಕಣ್ಣನ್ನೂ ತೋರಿಸುವಂಥದು.

“ಅದು ಹೊಲ ಕಾಯೋರು ಒಯ್ಯೂದ್ರಿ ಟೀಚರ್. ಹಚ್ಚಿದ್ರ ಹಂದಿ ಸೈತ ತೊಗರಿ ಬಿಟ್ಟು ಓಡ್ತಾವ. ಹುಡುಗ್ಯಾರಿಗೆ ಇಷ್ಟ್ಯಾಕ ಬೇಕು?”

“ಹುಡುಗ್ಯಾರಿಗೇ ಬೇಕು. ಇದರಕಿಂತ ಜೋರಿಂದು ಇದ್ರ ಅದನ್ನ ಕೊಡ್ರಿ.”

ಇರಲಿಲ್ಲ. ಆ ಮೂರನೆಯ ತರಹದವು ಇದ್ದಷ್ಟನ್ನೂ ಕಟ್ಟಿಸಿಕೊಂಡು ಅವಳು ಬಂದ ದಾರಿಯಲ್ಲೇ ಷಟರಿನ ಕೆಳಗೆ ಬಗ್ಗಿ ಹೋದಳು.

ಈ ಬ್ಯಾಟರಿಗಳ ಹಿಂದೆ ಮೂರು ವರ್ಷದ ಹಟವಿತ್ತು. ಗಂಡುಹುಡುಗರ ಶಾಲೆಯವರು ವರ್ಷಕ್ಕೊಮ್ಮೆ ಡೇರೆ ಹೊತ್ತು ಎಲ್ಲಾದರೂ ಶಿಬಿರಕ್ಕೆ ಹೋಗಿ, ಸುಟ್ಟ ರೊಟ್ಟಿ ತಿಂದು, ಬಂದು ತಿಂಗಳುಗಟ್ಟಲೆ ಬಡಾಯಿ ಕೊಚ್ಚುತ್ತಿದ್ದರು. ನಮ್ಮ ಹುಡುಗಿಯರೂ ಹೋಗಬೇಕು ಎಂದು ಅನುರಾಧಾ ಹೆಡ್‌ಮಾಸ್ತರರ ಹಿಂದೆ ಬಿದ್ದಳು. ಹೆಡ್‌ಮಾಸ್ತರ ದತ್ತಾತ್ರೇಯರು ಕೆಟ್ಟವರಲ್ಲ. ರಗಳೆ ಬೇಡ ಎನ್ನುವ ಜಾತಿಯವರು. ಮೊದಲ ವರ್ಷ ನಕ್ಕರು, ಎರಡನೆಯ ವರ್ಷ ಕಂಡ ಕೂಡಲೇ ದಾರಿ ಬದಲಿಸಿದರು, ಮೂರನೆಯ ವರ್ಷ ಕೈಮುಗಿದರು.

“ಆಯ್ತು ನಮ್ಮವ್ವ, ಹೋಗ್ರಿ. ಆದ್ರ ಒಂದ ಸಲ. ಒಂದು ಹುಡುಗಿ ಅಳಕೋತ ಮನಿಗೆ ಹೋಯ್ತಂದ್ರ ಮತ್ತ ಈ ಮಾತು ನನ್ನ ಮುಂದ ತರಬ್ಯಾಡ್ರಿ.”

ಹೆಡ್‌ಮಾಸ್ತರರನ್ನು ಗೆದ್ದದ್ದು ಸುಲಭ. ಹುಸೇನಬೀಯನ್ನು ಗೆಲ್ಲುವುದು ಬಾಕಿ ಇತ್ತು.

ಹುಸೇನಬೀ ಎಂದರೆ ಒಂಬತ್ತನೆಯ ತರಗತಿಯ ಫರಹೀನಳ ದಾದಿ, ಅಪ್ಪನ ತಾಯಿ. ಊರ ಅಂಚಿನ ಅವರ ಗಲ್ಲಿಯಲ್ಲಿ ಆ ಮುದುಕಿ ಹ್ಞೂಂ ಎಂದರೆ ಎಲ್ಲ ಮನೆಯವರೂ ಹ್ಞೂಂ, ಊಹೂಂ ಎಂದರೆ ಊಹೂಂ. ಶಾಲೆಯ ಅರ್ಧ ಹುಡುಗಿಯರು ಆ ಗಲ್ಲಿಯಿಂದ ಬರುವವರೇ. ಅನುರಾಧಾ ಅವಳ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಡೇರೆಯ ಬಗ್ಗೆ, ಊಟದ ಬಗ್ಗೆ, ಜೊತೆಗೆ ಬರುವವರ ಬಗ್ಗೆ ಎಲ್ಲ ಹೇಳಿದಳು. ಮುದುಕಿ ಎಲೆ ಅಡಿಕೆ ಜಗಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ಅಡಗಿ ಹ್ಯಾಂಗರ ಇರಲಿ, ಹಾಸಗಿ ಹ್ಯಾಂಗರ ಇರಲಿ ಟೀಚರ್. ನಮ್ಮ ಪೋರಿ ಕತ್ತಲಾಗ ಹೊರಕಡಿ ಹೋಗಬೇಕಾದ್ರ ಏನ್ ಮಾಡ್ತಾಳ? ಅದೊಂದ ಹೇಳ್ರಿ.”

“ಒಬ್ಬೊಬ್ಬರಿಗೂ ಬ್ಯಾಟರಿ ಕೊಡ್ತೇನ್ರಿ ಅಮ್ಮಾ. ಮರೆ ಕಟ್ಟಿಸ್ತೇನಿ. ನಾನ ಕಾವಲ ನಿಂದರ್ತೇನಿ.”

ಹುಸೇನಬೀ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದಳು.

“ಆಯ್ತು. ಎರಡು ರಾತ್ರಿ ಕಳಿಸ್ತೇನಿ. ಐತವಾರ ಮುಂಜಾನೆ ಮೊದಲನೇ ಬಸ್ಸಿಗೆ ನಾನ ಬರ್ತೇನಿ. ‘ಅಂಜಿಕಿ ಬಂತು ದಾದಿ’ ಅಂತ ಆಕಿ ಒಂದು ಮಾತು ಅಂದ್ರ ನಮ್ಮ ಗಲ್ಲಿಯಿಂದ ಮತ್ತ ಯಾವ ಹುಡುಗೀನೂ ಬರಂಗಿಲ್ಲ. ಖರೇ ಹೇಳಾಕತ್ತೇನಿ.”

ಅನುರಾಧಾ ಒಪ್ಪಿಕೊಂಡು ಬಂದಳು. ಬೆಳಕಿನ ವಿಷಯದಲ್ಲಿ ಅವಳಿಗೆ ಅಳುಕೇ ಇರಲಿಲ್ಲ. ಆ ಒಂದು ವಿಷಯದಲ್ಲಿ ಅವಳು ಹತ್ತು ವರ್ಷದವಳಿದ್ದಾಗಲೇ ತೀರ್ಮಾನ ಮಾಡಿಕೊಂಡಿದ್ದಳು.

ಅವಳು ಹುಟ್ಟಿ ಬೆಳೆದದ್ದು ಆಳಂದ ತಾಲೂಕಿನ ಮಾದನಹಿಪ್ಪರಗಾದಲ್ಲಿ. ಅಪ್ಪ ಧರ್ಮಣ್ಣ, ಅವ್ವ ರುಕ್ಮಿಣಿಬಾಯಿ ಇಬ್ಬರೂ ಕಂಡವರ ಹೊಲದಲ್ಲಿ ಕೂಲಿ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಬಾಬಾಸಾಹೇಬರ ಪಟ, ಪಟಗಳ ಕೆಳಗೆ ಮಗಳ ಪುಸ್ತಕ. ಓದಿಸುವುದಕ್ಕೆ ಮನೆಯಲ್ಲಿ ಯಾರೂ ಹಿಂದೆ ಮುಂದೆ ನೋಡಲಿಲ್ಲ. ಆದರೆ ಮನೆಯಲ್ಲಿ ಪಾಯಖಾನೆ ಇರಲಿಲ್ಲ. ಅವರ ಓಣಿಯಲ್ಲೇ ಯಾರ ಮನೆಯಲ್ಲೂ ಇರಲಿಲ್ಲ. ಬೆಳಗು ಹರಿಯುವ ಮುಂಚೆ ಹೆಂಗಸರೆಲ್ಲ ತಂಬಿಗೆ ಹಿಡಿದು ಆಳಂದದ ರಸ್ತೆಯ ಪಕ್ಕಕ್ಕೆ ಹೋಗುತ್ತಿದ್ದರು. ಹೊಲದೊಳಗೆ ಹೋದರೆ ಹೊಲದವರು ಬಯ್ಯುತ್ತಾರೆ, ಹಾವಿನ ಭಯ ಬೇರೆ. ರಸ್ತೆಯ ಪಕ್ಕವೇ ಗತಿ.

ದೂರದಲ್ಲಿ ಬಸ್ಸಿನ ದೀಪ ಕಂಡಿತೋ, ಎಲ್ಲರೂ ಎದ್ದು ನಿಲ್ಲಬೇಕು. ಸೀರೆ ಇಳಿಸಿ, ಬೆನ್ನು ರಸ್ತೆಗೆ ತಿರುಗಿಸಿ, ಬಸ್ಸು ಹೋಗುವ ತನಕ ನಿಂತೇ ಇರಬೇಕು. ಬಸ್ಸು ಹೋದ ಮೇಲೆ ಕೂರಬೇಕು. ಕೂತ ಕೂಡಲೇ ಜೀಪು ಬರುತ್ತದೆ, ಮತ್ತೆ ಏಳಬೇಕು. ಎಪ್ಪತ್ತರ ಮುದುಕಿಯಿಂದ ಹಿಡಿದು ನಾಲ್ಕು ವರ್ಷದ ಹುಡುಗಿಯ ತನಕ ಎಲ್ಲರಿಗೂ ಈ ಕವಾಯತು ಬರುತ್ತಿತ್ತು. ಇದರ ಜೊತೆಗೆ ಸೈಕಲ್ಲಿನ ಮೇಲೆ ಹೋಗುವ ಪುಂಡರು ಕೆಲವರಿದ್ದರು. ಹತ್ತಿರ ಬಂದು ಬೇಕೆಂದೇ ಬ್ಯಾಟರಿ ಬಿಟ್ಟು ನಗುತ್ತಿದ್ದರು. ರುಕ್ಮಿಣಿಬಾಯಿಯ ಬಳಿ ಒಂದು ಹಳೆಯ ತಗಡಿನ ಬ್ಯಾಟರಿ ಇತ್ತು. ಅವಳು ಅದನ್ನು ಹಚ್ಚುತ್ತಲೇ ಇರಲಿಲ್ಲ. ಕತ್ತಲೆಯೇ ನಮಗೆ ಪರದೆ, ಸುಮ್ಮನೆ ನಡಿ ಎನ್ನುತ್ತಿದ್ದಳು. ಸಂಜೆಯಾದ ಮೇಲೆ ಮಗಳಿಗೆ ಅರ್ಧ ರೊಟ್ಟಿಗಿಂತ ಹೆಚ್ಚು ಕೊಡುತ್ತಿರಲಿಲ್ಲ, ನೀರಂತೂ ಗುಟುಕು ಲೆಕ್ಕ.

ಒಂದು ಬೆಳಿಗ್ಗೆ ಅನುರಾಧಾಳ ಮುಖಕ್ಕೇ ಆ ಪುಂಡರ ಬ್ಯಾಟರಿ ಬಿತ್ತು. ಅವಳು ಅಳಲಿಲ್ಲ. ಸಿಟ್ಟಾದಳು. ದೊಡ್ಡವಳಾದ ಮೇಲೆ ಇವರದಕ್ಕಿಂತ ಜೋರಿನ ಬ್ಯಾಟರಿ ತರುತ್ತೇನೆ, ಇವರ ಕಣ್ಣು ಕುಕ್ಕುವ ಹಾಗೆ ಮುಖಕ್ಕೆ ಬಿಡುತ್ತೇನೆ ಎಂದು ಅಲ್ಲೇ, ಆ ರಸ್ತೆಯ ಪಕ್ಕದಲ್ಲೇ ಆಣೆ ಮಾಡಿದಳು. ಓಟದಲ್ಲಿ ಗೆದ್ದಳು, ಖೊಖೊದಲ್ಲಿ ಗೆದ್ದಳು, ಡಿಗ್ರಿ ಮುಗಿಸಿ ಕೆಲಸ ಹಿಡಿದಳು, ಮೊದಲ ಸಂಬಳ ಬಂದ ಕೂಡಲೇ ಅವ್ವನ ಮನೆಗೆ ಪಾಯಖಾನೆ ಕಟ್ಟಿಸಿದಳು. ಆದರೂ ಜೋರು ಬ್ಯಾಟರಿಯ ಆಣೆ ಮನಸ್ಸಿನ ಮೂಲೆಯಲ್ಲಿ ಹಾಗೇ ಉಳಿದಿತ್ತು. ಜಗದೇವನ ಗೋಡೌನಿನಲ್ಲಿ ಆ ಮೂರನೆಯ ತರಹದ್ದನ್ನು ಹಚ್ಚಿದಾಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಶಿಬಿರಕ್ಕೆ ಜಾಗ ಸಿಕ್ಕಿದ್ದು ಚೌಡಾಪುರದ ಹೊರಗೆ, ಗುರುನಾಥ ಎಂಬವರ ಮಾವಿನ ತೋಪಿನಲ್ಲಿ. ಸಂಕ್ರಾಂತಿ ಕಳೆದ ವಾರ. ಹಗಲು ಬಿಸಿಲು, ಸಂಜೆಗೆ ಚಳಿ. ಅಡುಗೆಗೆ ಮಾದನಹಿಪ್ಪರಗಾದಿಂದ ರುಕ್ಮಿಣಿಬಾಯಿಯೇ ಗಂಟು ಮೂಟೆ ಕಟ್ಟಿಕೊಂಡು ಬಂದಳು. ಹುಡುಗಿಯರು ಡೇರೆ ಹೊಡೆದರು, ಒಲೆ ಹೂಡಿದರು, ಕಾಲುಹಾದಿ ಗುಡಿಸಿದರು. ತೋಪಿನ ಹಿಂಬದಿಯಲ್ಲಿ ಗುಂಡಿ ತೋಡಿ, ನಾಲ್ಕು ಬಿದಿರು ನೆಟ್ಟು, ರುಕ್ಮಿಣಿಬಾಯಿಯ ಹಳೆಯ ಸೀರೆಗಳನ್ನು ಸುತ್ತಿ ಮರೆ ಕಟ್ಟಿದರು. ಒಂದೇ ತಕರಾರು ಎಂದರೆ ರಸ್ತೆ. ತೋಪಿನ ಪಕ್ಕದಲ್ಲೇ ಅದು ತಿರುವು ತೆಗೆದುಕೊಳ್ಳುತ್ತಿತ್ತು. ಅಫಜಲಪುರದ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರು ಬಂದಾಗಲೆಲ್ಲ ಅದರ ದೀಪ ತೋಪಿನೊಳಗೆ ಒಂದು ಸುತ್ತು ಹೊಡೆದು ಹೋಗುತ್ತಿತ್ತು.

ಮಬ್ಬುಗತ್ತಲಾದಾಗ ಅನುರಾಧಾ ಬ್ಯಾಟರಿಗಳನ್ನು ಹಂಚಿದಳು. ಮದುವೆಯಲ್ಲಿ ಬಾಸಿಂಗ ಕಟ್ಟುವ ಹಾಗೆ ಒಬ್ಬೊಬ್ಬರ ಹಣೆಗೂ ತಾನೇ ಕಟ್ಟಿದಳು. ಫರಹೀನಳ ತಲೆಯ ಓಢಣಿಯ ಮೇಲೆ ಲಾಡಿ ನಿಲ್ಲದೆ ದೀಪ ಜಾರಿ ಮೂಗಿನ ಮೇಲೆ ಬಂತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಎಲ್ಲರೂ ಒಟ್ಟಿಗೆ ಗುಂಡಿ ಒತ್ತಿದರು.

“ಏ, ಕಣ್ಣಿಗಿ ಹೊಡೀಬ್ಯಾಡ ಬೇ!”

“ನೀನ ಆಕಡಿ ತಿರುಗು ಬೇ!”

ಯಾರು ಯಾರ ಮುಖ ನೋಡಿ ಮಾತಾಡಿದರೂ ಎದುರಿನವಳ ಕಣ್ಣು ಕತ್ತಲೆ. ತಲೆ ತಿರುಗಿಸಿದ ಕಡೆಗೆಲ್ಲ ಬೆಳಕೂ ತಿರುಗುತ್ತಿತ್ತು. ಅನುರಾಧಾ ಇದನ್ನು ಆಟವೆಂದುಕೊಂಡಳು. ಅಭ್ಯಾಸವಾದರೆ ಸರಿಹೋಗುತ್ತದೆ ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಫರಹೀನ ಬಂದು ಅವಳ ಕಿವಿಯಲ್ಲಿ ಏನೋ ಹೇಳಿದಳು. ಅನುರಾಧಾ ತನ್ನ ಬ್ಯಾಟರಿ ಹಚ್ಚಿಕೊಂಡೇ ಜೊತೆಗೆ ಹೋಗಿ, ಮರೆಯಿಂದ ಹತ್ತು ಹೆಜ್ಜೆ ಈಚೆ ನಿಂತಳು. ಇನ್ನಿಬ್ಬರು ಹುಡುಗಿಯರೂ ಸರದಿಗೆ ಬಂದು ನಿಂತರು. ಅಷ್ಟರಲ್ಲಿ ಒಣ ಎಲೆಗಳ ಮೇಲೆ ಏನೋ ಸರಸರ ಹರಿದಂತಾಯಿತು. ಹಾವೇನೋ ಎಂದು ಅನುರಾಧಾ ಗಕ್ಕನೆ ತಿರುಗಿದಳು. ಅವಳ ಹಣೆಯ ಬೆಳಕು ನೇರವಾಗಿ ಮರೆಯ ಮೇಲೆ ಬಿತ್ತು.

ಸವೆದ ಸೀರೆ ಆ ಬೆಳಕನ್ನು ತಡೆಯಲಿಲ್ಲ. ಒಳಗೆ ಕೂತಿದ್ದ ಫರಹೀನ ಗಾಜಿನ ಹಿಂದೆ ಕೂತಂತೆ ಕಂಡಳು. ಮರುಕ್ಷಣವೇ ಅವಳು ಎದ್ದು ನಿಂತಳು. ಬೆನ್ನು ಬೆಳಕಿಗೆ ತಿರುಗಿಸಿ, ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಅಲುಗಾಡದೆ ನಿಂತಳು.

ಎಲೆಯ ಮೇಲೆ ಹರಿದದ್ದು ಓತಿಕ್ಯಾತ. ಅನುರಾಧಾ ಬೆಳಕನ್ನು ಬೇರೆ ಕಡೆಗೆ ತಿರುಗಿಸಿ, “ಏನಿಲ್ಲವ್ವ, ಓತಿಕ್ಯಾತ. ಆರಾಮ ಕೂಡು” ಎಂದಳು.

“ಆತ್ರಿ ಟೀಚರ್. ನಂದು ಆತು,” ಎಂದು ಫರಹೀನ ಹೊರಗೆ ಬಂದಳು. ಅವಳದು ಆಗಿರಲಿಲ್ಲ ಎನ್ನುವುದು ಅವಳ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಸರದಿಯಲ್ಲಿದ್ದ ಇಬ್ಬರೂ ತಮಗೇನೂ ಬೇಡವೆಂದು ಅವಳ ಹಿಂದೆಯೇ ಡೇರೆಗೆ ಹೋದರು.

ಊಟಕ್ಕೆ ಕೂತಾಗ ರುಕ್ಮಿಣಿಬಾಯಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಯಾರೂ ಎರಡನೆಯ ರೊಟ್ಟಿ ಕೇಳಲಿಲ್ಲ. ಖಾರ ಜೋರಾಗಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಆದರೂ ನೀರಿನ ಹರಿವಿಯ ಕಡೆಗೆ ಯಾರೂ ಹೋಗಲಿಲ್ಲ. ಬೆಳಿಗ್ಗೆ ಎದ್ದು ಅನುರಾಧಾ ಹರಿವಿಯ ಮುಚ್ಚಳ ತೆಗೆದಳು. ಸಂಜೆ ಕಂಠದ ತನಕ ತುಂಬಿದ್ದ ನೀರು ಕಂಠದ ತನಕವೇ ಇತ್ತು.

ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಅಲ್ಲಿ ನಿಂತಳು. ಅರ್ಧ ರೊಟ್ಟಿ, ಗುಟುಕು ನೀರು. ಈ ಲೆಕ್ಕ ಅವಳಿಗೆ ಹೊಸದಲ್ಲ. ಇದನ್ನು ಈ ಹುಡುಗಿಯರಿಗೆ ಯಾರು ಹೇಳಿಕೊಟ್ಟರು? ಫರಹೀನಳ ಮನೆಯಲ್ಲಿ ಪಾಯಖಾನೆ ಕಟ್ಟಿಸಿ ಆರೇಳು ವರ್ಷವಾಗಿದೆ. ಅದಕ್ಕೂ ಮೊದಲು ದಾದಿಯ ಸೆರಗು ಹಿಡಿದು ರಸ್ತೆಯ ಪಕ್ಕಕ್ಕೆ ಹೋಗಿದ್ದ ಪುಟ್ಟ ಕಾಲುಗಳು, ಬೆಳಕು ಬಿದ್ದರೆ ಏಳಬೇಕು ಎನ್ನುವುದನ್ನು ಇನ್ನೂ ಮರೆತಿಲ್ಲ. ಆ ಬೆಳಕು ನಿನ್ನೆ ಬಸ್ಸಿನದಾಗಿರಲಿಲ್ಲ, ಪುಂಡರದೂ ಆಗಿರಲಿಲ್ಲ. ಅನುರಾಧಾಳದೇ ಆಗಿತ್ತು. ಅವಳು ಮುಚ್ಚಳವನ್ನು ಮೆಲ್ಲನೆ ಹರಿವಿಯ ಮೇಲಿಟ್ಟಳು.

ಒಲೆಯ ಮುಂದಿದ್ದ ರುಕ್ಮಿಣಿಬಾಯಿ ಮಗಳ ಮುಖ ನೋಡಿ ಎಲ್ಲ ಅರ್ಥ ಮಾಡಿಕೊಂಡಳು.

“ನಾ ಮೊದಲ ಹೇಳಿದ್ದೆ ಅನೂ. ಬ್ಯಾಟರಿ ಗೀಟರಿ ಏನೂ ಬ್ಯಾಡ. ಕತ್ತಲಾಗ ಹೋಗಿ ಕತ್ತಲಾಗ ಬರಲಿ. ನಾವು ಬಾಳೇ ಮಾಡ್ಲಿಲ್ಲೇನು?”

“ಬಾಳೇ ಮಾಡಿದ್ರಿ ಅವ್ವ. ಚೇಳು ಕಡಿಸಿಕೊಂಡಿದ್ರಿ, ಹೊಟ್ಟಿ ಕಟ್ಟಿಕೊಂಡಿದ್ರಿ. ಈ ಹುಡುಗ್ಯಾರು ಕತ್ತಲಾಗ ಹೋಗಂಗಿಲ್ಲ. ಬೆಳಕ ಬೇಕು. ನಾ ತಂದ ಬೆಳಕು ತಪ್ಪು ಅದ, ಅಷ್ಟ.”

ಅಷ್ಟರಲ್ಲಿ ಫರಹೀನ ಬಂದಳು. ತುಟಿ ಒಣಗಿತ್ತು. ತಲೆ ನೋಯುತ್ತಿದೆ, ದಾದಿಗೆ ಒಂದು ಫೋನ್ ಮಾಡುತ್ತೀರಾ ಎಂದು ಕೇಳಿದಳು. ಫೋನ್ ಹೋದರೆ ಮುದುಕಿ ಮಧ್ಯಾಹ್ನದೊಳಗೆ ಇಲ್ಲಿರುತ್ತಾಳೆ. ಸಂಜೆಯೊಳಗೆ ಶಿಬಿರ ಮುಗಿಯುತ್ತದೆ. ಮುಂದಿನ ವರ್ಷ ಮತ್ತೆ ಗಂಡುಹುಡುಗರಷ್ಟೇ ಸುಟ್ಟ ರೊಟ್ಟಿಯ ಬಡಾಯಿ ಕೊಚ್ಚುತ್ತಾರೆ.

ಅನುರಾಧಾ ಅವಳ ಮುಂದೆ ಮೊಣಕಾಲೂರಿ ಕೂತಳು.

“ಫರಹೀನ, ನಿನ್ನೆ ತಪ್ಪು ನಂದು. ನಿನ್ನ ಮ್ಯಾಲ ಬೆಳಕ ಬಿಟ್ಟಾಕಿ ನಾನು. ನಾ ಅದನ್ನ ಸರಿ ಮಾಡ್ತೇನಿ. ಇವತ್ತೊಂದ ರಾತ್ರಿ ತಾಳ್ತೀ? ಸರಿ ಆಗಲಿಲ್ಲಂದ್ರ ನಾಳೆ ದಾದಿ ಮುಂದ ಏನ್ ಹೇಳಬೇಕಂತೀ ಅದನ್ನ ಹೇಳು. ನಾ ಬ್ಯಾಡ ಅನ್ನಂಗಿಲ್ಲ.”

ಟೀಚರೊಬ್ಬಳು ತಪ್ಪು ನಂದು ಎನ್ನುವುದನ್ನು ಫರಹೀನ ಅದೇ ಮೊದಲ ಸಲ ಕೇಳಿದ್ದು. ಅವಳು ಹ್ಞೂಂ ಎಂದಳು, ಆದರೆ ನೀರು ಕುಡಿಯಲಿಲ್ಲ.

ಬಿಸಿಲೇರುವ ಮುಂಚೆ ಅನುರಾಧಾ ಚೌಡಾಪುರದ ರಸ್ತೆಯ ಮೇಲಿದ್ದಳು. ಅಲ್ಲಿ ಗಾಣಗಾಪುರಕ್ಕೆ ಹೋಗುವ ಭಕ್ತರಿಗಾಗಿ ತೆಂಗಿನಕಾಯಿ, ಕರ್ಪೂರ, ಊದಿನಕಡ್ಡಿ ಮಾರುವ ಅಂಗಡಿಗಳ ಸಾಲಿದೆ. ಮೊದಲನೆಯ ಅಂಗಡಿಯಲ್ಲಿ ಬ್ಯಾಟರಿ ಇರಲಿಲ್ಲ. ಎರಡನೆಯದರಲ್ಲಿ ಇತ್ತು, ಜಗದೇವನ ಅಂಗಡಿಯಲ್ಲಿದ್ದಂಥದೇ. ಮೂರನೆಯದು ಪ್ರಮಿಲಾ ಎಂಬ ಹೆಂಗಸಿನದು. ಬೆಳಗಿನ ಬೋಣಿಗೆಂದು ಅವಳು ಆಗಷ್ಟೇ ದೇವರ ಪಟಕ್ಕೆ ಊದಿನಕಡ್ಡಿ ಬೆಳಗಿದ್ದಳು.

“ಅಕ್ಕಾರ, ನಿಮ್ಮ ಹಂತ್ಯಾಕ ಇರೋ ಬ್ಯಾಟರಿಯೊಳಗ ಎಲ್ಲಕಿಂತ ಬೆಳಕ ಕಮ್ಮಿ ಇದ್ದದ್ದು ಯಾವುದ್ರಿ?”

ಪ್ರಮಿಲಾ ಊದಿನಕಡ್ಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

“ಜೋರಿಂದು ಕೊಡ್ರಿ ಅಂತ ಎಲ್ಲಾರೂ ತಲಿ ತಿಂತಾರ. ಕಮ್ಮಿಂದು ಕೇಳಾಕ ಬಂದಾಕಿ ನೀವ ಮೊದಲನೇದಾಕಿ ನೋಡ್ರಿ.”

“ಕಮ್ಮಿ ಅಂದ್ರ ಪೂರ್ತಿ ಕಮ್ಮಿ ಅಲ್ರಿ. ಕಾಲ ಮುಂದಿನ ಚೇಳು ಕಾಣಬೇಕು. ಕಾಲ ಇಟ್ಟಾಕಿ ಮಾತ್ರ ಮಂದಿಗೆ ಕಾಣಬಾರ್ದು.”

ಪ್ರಮಿಲಾ ಊದಿನಕಡ್ಡಿಯನ್ನು ಪಟದ ಮುಂದೆ ಸಿಕ್ಕಿಸಿ, ಒಂದು ಡಬ್ಬಿ ಇಳಿಸಿದಳು. ಡಬ್ಬಿಯ ತುಂಬ ಬೆರಳುದ್ದದ ಬ್ಯಾಟರಿಗಳು. ಕೊರಳಿಗೆ ಹಾಕಿಕೊಳ್ಳಲು ದಾರ, ಒಂದೇ ಗುಂಡಿ.

“ಛತ್ರದಾಗ ಮಲಗೋರು ಒಯ್ತಾರ್ರಿ ಇವನ್ನ. ಬೆಳಗಾಗೂದರೊಳಗ ಸಂಗಮಕ್ಕ ಜಳಕಕ್ಕ ಹೋಗ್ತಾರಲ್ಲ, ಬಾಜೂದವರ ನಿದ್ದಿ ಕೆಡಬಾರ್ದಂತ.”

ಇಲ್ಲಿ ಕತ್ತಲೆಯ ಕೋಣೆ ಇರಲಿಲ್ಲ. ಅನುರಾಧಾ ಹಿಂದೆ ಮುಂದೆ ನೋಡದೆ, ಅಂಗಡಿಯವಳ ಕರಿಯ ಕಂಬಳಿ ಇಸಿದುಕೊಂಡು ತಲೆಯ ಮೇಲಿಂದ ಹೊದ್ದು ರಸ್ತೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಒಳಗೆ ಗುಂಡಿ ಒತ್ತಿದಳು. ಹಳದಿ ಬೆಳಕು, ಒಂದು ಮೊರದಷ್ಟು ಅಗಲ. ಗುಂಡಿ ಒತ್ತಿದ ಕೂಡಲೇ ಮೊದಲು ಕಣ್ಣು ಕುಕ್ಕಿ ಆಮೇಲೆ ಮಂದವಾಗುವ ಜಾತಿಯದಲ್ಲ, ಇದ್ದದ್ದೇ ಇಷ್ಟು. ಕೊರಳಲ್ಲಿ ತೂಗಿದರೆ ತಾನಾಗಿ ನೆಲ ನೋಡುತ್ತದೆ, ಕೂತಾಗ ನೆಲದ ಮೇಲಿಡಬಹುದು, ಓಢಣಿಗೆ ತೊಡಕಿಲ್ಲ. “ಹೊರಗ ಏನರ ಕಾಣಾಕತ್ತದೇನ್ರಿ?” ಎಂದು ಕಂಬಳಿಯೊಳಗಿಂದಲೇ ಕೂಗಿದಳು. ಏನೂ ಕಾಣುವುದಿಲ್ಲ ಎಂದು ಪ್ರಮಿಲಾ ಹೇಳಿದಳು. ದಾರಿಯಲ್ಲಿ ಹೋಗುತ್ತಿದ್ದ ಭಕ್ತರೊಬ್ಬರು ಕಂಬಳಿಯೊಳಗಿನ ಮೂರ್ತಿಗೆ ಕೈಮುಗಿದು ಹೋದರಂತೆ. ಅದನ್ನು ಪ್ರಮಿಲಾ ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ತೋಪಿಗೆ ಮರಳಿದವಳು ಮೊದಲು ಮರೆಯ ಸೀರೆಗಳನ್ನು ಬಿಚ್ಚಿ ಎಸೆದಳು. ದಪ್ಪನೆಯದು ಬೇಕಿತ್ತು. ಅವ್ವನ ಹಾಸಿಗೆಯ ಕಡೆಗೆ ನೋಡಿದಳು. ರುಕ್ಮಿಣಿಬಾಯಿ ಗೊಣಗಿದಳು, ಚಳಿಗೆ ಸಾಯುತ್ತೇನೆ ಎಂದಳು, ಆಮೇಲೆ ತಾನೇ ಎದ್ದು ಹೋಗಿ ಏಳು ಪದರದ ಎರಡು ಕೌದಿಗಳನ್ನು ತಂದು ಬಿದಿರಿಗೆ ಕಟ್ಟಿದಳು. ಉಳಿದ ಎರಡು ಬದಿಗೆ ಹುಡುಗಿಯರು ತಮ್ಮ ಕೌದಿ ತಂದರು.

ಸಂಜೆ ಅನುರಾಧಾ ಎಲ್ಲರನ್ನೂ ಸುತ್ತ ಕೂರಿಸಿಕೊಂಡಳು. ಮಾದನಹಿಪ್ಪರಗಾದ ರಸ್ತೆ, ಬಸ್ಸಿನ ದೀಪ, ಎದ್ದು ನಿಲ್ಲುವುದು, ಮುಖಕ್ಕೆ ಬಿದ್ದ ಬ್ಯಾಟರಿ, ಏನನ್ನೂ ಮುಚ್ಚಿಡದೆ ಹೇಳಿದಳು. ಹುಡುಗಿಯರು ತಲೆ ತಗ್ಗಿಸಿ ಕೇಳಿದರು. ನನಗೂ ಗೊತ್ತು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಗೊತ್ತಿಲ್ಲದ ಮುಖ ಅಲ್ಲಿ ಒಂದೂ ಇರಲಿಲ್ಲ.

“ಇವತ್ತಿನಿಂದ ಕಾಯ್ದೆ ಇದು,” ಎಂದಳು. “ಬೆಳಕು ಹೋಗಾಕಿ ಕೈಯಾಗ. ಕಾಯೋರ ಹಂತ್ಯಾಕ ಬೆಳಕ ಇಲ್ಲ. ಕಾಯೋರು ಬೆನ್ನು ಮಾಡಿ ಕೂಡಬೇಕು. ಹಚ್ಚೂದು, ಆರಿಸೂದು ಹೋದಾಕಿ ಮರ್ಜಿ. ಇದು ನನಗೂ ಲಾಗೂ.”

ತಲೆಗೆ ಕಟ್ಟುವ ಬ್ಯಾಟರಿಗಳನ್ನೆಲ್ಲ ಚೀಲಕ್ಕೆ ಹಾಕುವಾಗ ಒಂದು ಕಡಿಮೆ ಬಿತ್ತು. ಹುಡುಕಿದರೆ ಅದು ರುಕ್ಮಿಣಿಬಾಯಿಯ ಹಣೆಯ ಮೇಲಿತ್ತು. ಸೆರಗಿನ ಮೇಲೆಯೇ ಲಾಡಿ ಬಿಗಿದು, ಒಲೆಯ ಮುಂದೆ ಎರಡೂ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೇಳಿದರೆ, “ಇದು ಅಡಗಿಗೆ ಬರೋಬ್ಬರಿ ಐತಿ, ಹೋಗು” ಎಂದು ಮಗಳನ್ನೇ ಗದರಿಸಿದಳು. ಆ ಬ್ಯಾಟರಿ ಮತ್ತೆ ಶಾಲೆಗೆ ಬರಲಿಲ್ಲ.

ಊಟದಲ್ಲಿ ಕೆಲವರು ಎರಡನೆಯ ರೊಟ್ಟಿ ಕೇಳಿದರು. ಒಬ್ಬಳು ಹರಿವಿಯ ಕಡೆಗೆ ಹೋದಳು, ಅವಳ ಹಿಂದೆ ಇನ್ನೊಬ್ಬಳು. ಫರಹೀನ ಎಲ್ಲರನ್ನೂ ನೋಡುತ್ತ ಕೂತಿದ್ದಳು. ಕೊನೆಗೆ ಎದ್ದು ಹೋಗಿ ಒಂದು ತಂಬಿಗೆ ನೀರು ಎತ್ತಿ ಗಟಗಟ ಕುಡಿದಳು, ಕುಡಿದು ಇನ್ನರ್ಧ ತಂಬಿಗೆ ತುಂಬಿಕೊಂಡಳು. ಅನುರಾಧಾ ನೋಡಿಯೂ ನೋಡದಂತೆ ತಟ್ಟೆಯ ಕಡೆಗೆ ಬಗ್ಗಿದಳು.

ಬೆಳಗು ಇನ್ನೂ ಹರಿದಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಫರಹೀನ ಬಂದು ಟೀಚರ ಕಾಲು ಅಲುಗಿಸಿದಳು. ಇಬ್ಬರೂ ನಡೆದರು. ಮುಂದೆ ಫರಹೀನ, ಕೊರಳಲ್ಲಿ ತೂಗುವ ಹಳದಿ ಬೆಳಕು, ಅವಳ ಹೆಜ್ಜೆಯ ಮುಂದೆ ಮೊರದಗಲ ನೆಲ. ಹಿಂದೆ ಅನುರಾಧಾ, ಬರಿಗೈಯಲ್ಲಿ. ಮರೆಯಿಂದ ದೂರದಲ್ಲಿದ್ದ ಒಂದು ಕಲ್ಲಿನ ಮೇಲೆ ಅವಳು ಬೆನ್ನು ಮಾಡಿ ಕೂತಳು. ಫರಹೀನ ಕೌದಿ ಸರಿಸಿ ಒಳಗೆ ಹೋದಳು. ಕೌದಿಯ ಕೆಳಗಿನ ಸಂದಿಯಲ್ಲಿ ಬೆಳಕಿನ ಸಣ್ಣ ಗೆರೆ ಮಾತ್ರ ಉಳಿಯಿತು.

ಆಗ ಬಂತು ಟ್ರ್ಯಾಕ್ಟರು. ಅಫಜಲಪುರದ ಕಡೆಯಿಂದ ಕಬ್ಬು ಹೇರಿಕೊಂಡು ಗುಡುಗುತ್ತ ಬಂದು ತಿರುವಿನಲ್ಲಿ ಹೊರಳಿತು. ಎರಡು ದೊಡ್ಡ ದೀಪಗಳು ತೋಪಿನೊಳಗೆ ನುಗ್ಗಿ, ಮಾವಿನ ಬೊಡ್ಡೆಗಳನ್ನು ಒಂದೊಂದಾಗಿ ಬೆಳಗುತ್ತ, ಡೇರೆಯ ಮೇಲೆ ಹಾದು, ಅನುರಾಧಾಳ ಮೇಲೆ ಹಾದು, ಕೌದಿಯ ಮರೆಯ ಮೇಲೆ ಹಾದು ಹೋದವು. ಅನುರಾಧಾ ತಿರುಗಿ ನೋಡಿದಳು. ಕೌದಿಯ ಮೇಲೆ ಯಾವ ತಲೆಯೂ ಮೇಲೇಳಲಿಲ್ಲ. ಕೆಳಗಿನ ಹಳದಿ ಗೆರೆ ಇದ್ದಲ್ಲೇ ಇತ್ತು.

ಟ್ರ್ಯಾಕ್ಟರಿನ ಸದ್ದು ದೂರವಾದ ಮೇಲೆ ಫರಹೀನ ನಿಧಾನವಾಗಿ, ಬೇಫಿಕರಾಗಿ, ತಂಬಿಗೆ ಕೈಯಲ್ಲಿ ಆಡಿಸುತ್ತ ಹೊರಗೆ ಬಂದಳು. ಬಂದವಳು ಟೀಚರನ್ನು ಕಂಡು ನಿಂತಳು.

“ನೀವ್ಯಾಕ ಎದ್ದು ನಿಂತೀರಿ ಟೀಚರ್?”

ಅನುರಾಧಾ ತನ್ನನ್ನೇ ನೋಡಿಕೊಂಡಳು. ಅವಳು ಕಲ್ಲಿನ ಮೇಲೆ ಕೂತಿರಲಿಲ್ಲ. ಬೆನ್ನು ರಸ್ತೆಗೆ ಮಾಡಿ, ಎರಡೂ ಕೈಯಲ್ಲಿ ಬಟ್ಟೆ ಹಿಡಿದುಕೊಂಡು, ನೆಟ್ಟಗೆ ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿರಲಿಲ್ಲ. ಹಿಡಿದಿದ್ದ ಬಟ್ಟೆ ಬಿಟ್ಟು ಕಣ್ಣೊರೆಸಿಕೊಂಡಳು.

ಮೊದಲನೆಯ ಬಸ್ಸಿಗೆ ಹುಸೇನಬೀ ಬಂದಿಳಿದಳು. ಚಹಾ ಬೇಡವೆಂದಳು, ಕೂರುವುದಿಲ್ಲವೆಂದಳು. ಎಲ್ಲರ ಮುಂದೆಯೇ ಮೊಮ್ಮಗಳ ಗದ್ದ ಹಿಡಿದೆತ್ತಿದಳು.

“ಖರೇ ಹೇಳು ಬೇ. ಅಂಜಿಕಿ ಬಂದಿತ್ತೇನು?”

“ಮೊದಲನೇ ದಿನ ಬಂದಿತ್ತು ದಾದಿ. ಇವತ್ತ ನನಗೇನೂ ಅಂಜಿಕಿ ಆಗಲಿಲ್ಲ. ಟೀಚರ್‌ಗೇ ಆಗಿತ್ತು. ಟ್ರ್ಯಾಕ್ಟರ್ ಲೈಟ್ ಬಿತ್ತಂತ ಕೂತೋರು ಎದ್ದು ನಿಂತುಬಿಟ್ಟಿದ್ರು.”

ಹುಡುಗಿಯರು ಕಿಸಕ್ಕೆಂದು ನಕ್ಕರು. ಹುಸೇನಬೀ ನಗಲಿಲ್ಲ. ಅವಳು ಅನುರಾಧಾಳ ಕಡೆಗೆ ತಿರುಗಿದಳು; ಆಮೇಲೆ ಹಣೆಗೆ ಬ್ಯಾಟರಿ ಕಟ್ಟಿಕೊಂಡು ನಿಂತಿದ್ದ ರುಕ್ಮಿಣಿಬಾಯಿಯ ಕಡೆಗೆ ನೋಡಿದಳು. ಯಾಕೆ ನಿಂತಿರಿ ಎಂದು ಹುಸೇನಬೀ ಕೇಳಲೇ ಇಲ್ಲ.

ಆಮೇಲೆ ಆ ಮುದುಕಿ ಮೊಮ್ಮಗಳ ಕೊರಳಿನ ದಾರ ಎಳೆದು, ಬೆರಳುದ್ದದ ಬ್ಯಾಟರಿಯನ್ನು ಅಂಗೈಯಲ್ಲಿಟ್ಟುಕೊಂಡು, ಗುಂಡಿ ಒತ್ತಿ ನೋಡಿದಳು. ಬಿಸಿಲಿನಲ್ಲಿ ಬೆಳಕು ಕಂಡೂ ಕಾಣದಂತಿತ್ತು. ಅವಳು ಅದನ್ನು ಸೆರಗಿನೊಳಗೆ ಮುಚ್ಚಿ ಹಿಡಿದು ಮತ್ತೊಮ್ಮೆ ಒತ್ತಿದಳು.

“ಇದು ಎಲ್ಲಿ ಸಿಗ್ತದ್ರಿ ಟೀಚರ್?” ಎಂದು ಕೇಳಿದಳು. “ನನಗೊಂದು ಬೇಕಾಗಿತ್ತು.”